ಯೆಲ್ಲೋಸ್ಟೋನ್‌ನ ಕಟ್‌ಥ್ರೋಟ್ ಟ್ರೌಟ್: ಗುರುತು ಹಿಡಿಯುವುದು ಹೇಗೆ?

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಗಾಳ ಹಾಕುವವರಿಗೆ ಟ್ರೌಟ್ ಮೀನುಗಳ ಗುರುತು ತಿಳಿದಿರಲೇಬೇಕು. ಅಲ್ಲಿನ ಮೂಲನಿವಾಸಿಯಾದ ಕಟ್‌ಥ್ರೋಟ್ ಟ್ರೌಟನ್ನು ಹಿಡಿದ ಕೂಡಲೇ ನೀರಿಗೆ ಮರಳಿ ಬಿಡಬೇಕು. ಯೆಲ್ಲೋಸ್ಟೋನ್ ಸರೋವರದಲ್ಲಿ ಸಿಕ್ಕಿದ ಲೇಕ್ ಟ್ರೌಟನ್ನಾದರೋ ಕೊಲ್ಲಲೇಬೇಕೆಂಬುದು ನಿಯಮ.

ಮೊದಲು ಚುಕ್ಕಿಗಳನ್ನು ನೋಡಿ. ಕಡುಬಣ್ಣದ ಮೈಮೇಲೆ ತಿಳಿಬಣ್ಣದ ಚುಕ್ಕಿಗಳಿದ್ದರೆ ಅದು ಬ್ರೂಕ್ ಅಥವಾ ಲೇಕ್ ಟ್ರೌಟ್. ಇವೆರಡೂ ವಾಸ್ತವದಲ್ಲಿ ಟ್ರೌಟಿನ ಹತ್ತಿರದ ಬಂಧುಗಳಾದ ಚಾರ್ ಎಂಬ ಮೀನುಗಳ ಗುಂಪಿಗೆ ಸೇರಿದವು. ಲೇಕ್ ಟ್ರೌಟಿನ ಬಾಲ ಆಳವಾಗಿ ಕವಲೊಡೆದಿರುತ್ತದೆ. ತಿಳಿಬಣ್ಣದ ಮೈಮೇಲೆ ಕಪ್ಪು ಚುಕ್ಕಿಗಳಿದ್ದರೆ ಮಾತ್ರ ಮುಂದಿನ ಪರೀಕ್ಷೆ. ಕಪ್ಪು ಚುಕ್ಕಿಗಳ ನಡುವೆ ಕೆಂಪು ಅಥವಾ ಕಿತ್ತಳೆ ಚುಕ್ಕಿಗಳೂ ಬೆರೆತಿದ್ದರೆ ಅದು ಯುರೋಪಿನಿಂದ ತಂದ ಬ್ರೌನ್ ಟ್ರೌಟ್.

ಎರಡನೆಯದಾಗಿ, ಕೆಳದವಡೆಯ ಅಡಿಯನ್ನು ಗಮನಿಸಿ. ಇಕ್ಕೆಲಗಳಲ್ಲಿ ಕತ್ತಿಯಿಂದ ಗೀರಿದಂತೆ ಕಾಣುವ ಕೆಂಪು ಅಥವಾ ಕಿತ್ತಳೆ ಗೆರೆ ಕಟ್‌ಥ್ರೋಟಿನ ಪ್ರಸಿದ್ಧ ಲಕ್ಷಣ. ಆದರೆ ಇದೊಂದನ್ನೇ ನಂಬಿ ತೀರ್ಮಾನಿಸುವುದು ಸರಿಯಲ್ಲ. ಕಟ್‌ಥ್ರೋಟ್ ಮತ್ತು ರೇನ್‌ಬೋ ಟ್ರೌಟ್‌ಗಳು ಕೂಡಿ ಸಂತಾನಶಕ್ತಿಯುಳ್ಳ ಮಿಶ್ರತಳಿಯನ್ನು ಹುಟ್ಟಿಸುತ್ತವೆಯಾದ್ದರಿಂದ, ಆ ಮರಿಗಳಲ್ಲೂ ಇದೇ ಗೆರೆ, ಕೆಲವೊಮ್ಮೆ ಮಸುಕಾಗಿ, ಕಾಣಿಸಿಕೊಳ್ಳುತ್ತದೆ. ಆದಕಾರಣ ತಲೆಯನ್ನೂ ರೆಕ್ಕೆಗಳನ್ನೂ ಪರೀಕ್ಷಿಸಬೇಕು. ಯೆಲ್ಲೋಸ್ಟೋನ್ ಕಟ್‌ಥ್ರೋಟಿನಲ್ಲಿ ಚುಕ್ಕಿಗಳು ಬಾಲದತ್ತ ದಟ್ಟವಾಗಿದ್ದು, ತಲೆಯ ಕಡೆಗೆ ವಿರಳವಾಗುತ್ತವೆ. ತಲೆಯ ತುಂಬ ಚುಕ್ಕಿಗಳಿದ್ದು, ಹೊಟ್ಟೆಯ ರೆಕ್ಕೆಗಳ ತುದಿ ಬೆಳ್ಳಗಿದ್ದರೆ ರೇನ್‌ಬೋ ರಕ್ತವಿದೆಯೆಂದು ಶಂಕಿಸಬಹುದು. ನಾಲಿಗೆಯ ಹಿಂದೆ, ಕಿವಿರುಗಳ ನಡುವೆ ಇರುವ ಸಣ್ಣ ಹಲ್ಲುಗಳೂ ಕಟ್‌ಥ್ರೋಟಿನ ಗುರುತೇ ಹೌದು, ಆದರೆ ಮರಳಿ ಬಿಡಬೇಕಾದ ಮೀನಿನ ಬಾಯಿಗೆ ಬೆರಳು ಹಾಕಿ ಹುಡುಕುವುದು ಸಲ್ಲದು. ಉಳಿದ ಪರೀಕ್ಷೆಯನ್ನೂ ಒದ್ದೆ ಕೈಯಲ್ಲಿ, ಮೀನನ್ನು ನೀರಿನಲ್ಲಿಯೇ ಹಿಡಿದು ಮುಗಿಸಬೇಕು.

ಲೇಕ್ ಟ್ರೌಟಿನ ಮೇಲೆ ಇಷ್ಟು ಕಠೋರ ನಿಯಮವೇಕೆ? ಯೆಲ್ಲೋಸ್ಟೋನ್ ಸರೋವರದಲ್ಲಿ ಅದು ಪತ್ತೆಯಾದದ್ದು 1994ರಲ್ಲಿ. ಅದು ಕಟ್‌ಥ್ರೋಟನ್ನು ತಿಂದು ಬೆಳೆಯುತ್ತದೆ; ಆದರೆ ಅದರ ಜಾಗವನ್ನು ತುಂಬಲಾರದು. ಕಟ್‌ಥ್ರೋಟ್ ವಸಂತದಿಂದ ಬೇಸಿಗೆಯ ಆರಂಭದವರೆಗೆ ಮೊಟ್ಟೆಯಿಡಲು ಆಳವಿಲ್ಲದ ತೊರೆಗಳನ್ನೇರುತ್ತಿದ್ದುದರಿಂದ ಗ್ರಿಜ್ಲಿ ಕರಡಿ, ನೀರುನಾಯಿ, ಮೀನುಡೇಗೆಗಳಿಗೆ ಸುಲಭವಾಗಿ ಆಹಾರ ದೊರೆಯುತ್ತಿತ್ತು. ಲೇಕ್ ಟ್ರೌಟ್ ಸರೋವರದ ಆಳದಲ್ಲಿ ವಾಸಿಸಿ, ಅದರೊಳಗೇ ಮೊಟ್ಟೆಯಿಡುವುದರಿಂದ ಅವುಗಳಿಗೆ ನಿಲುಕುವುದಿಲ್ಲ. ಉದ್ಯಾನದ ಆಡಳಿತವು ಇಂದಿಗೂ ಬಲೆಗಳನ್ನು ಬೀಸಿ ಲೇಕ್ ಟ್ರೌಟನ್ನು ಹಿಡಿದು ತೆಗೆಯುತ್ತಿದೆ.