ಶರಣರ ಆಶಯದ ಕಲಾ ಹಬ್ಬ: ದಾವಣಗೆರೆಯಲ್ಲಿ ನಾವು ನಡೆಸುವ ಬಗೆ

ನಾಟಕ, ವಚನ ಗಾಯನ, ತತ್ವಪದ, ಮೊಹರಂ ಪದ, ಸಂವಾದ: ದಾವಣಗೆರೆಯ ಹಳೇ ಊರಿನ ಕಡೆ ನಾವು ನಡೆಸುವ ಮೂರು ದಿನದ ಹಬ್ಬದಲ್ಲಿ ಇವೆಲ್ಲ ಇರುತ್ತವೆ. ಆದರೆ ಯಾರು ಎಲ್ಲಿ ಕೂರುತ್ತಾರೆ, ಯಾರು ಮೊದಲು ಉಣ್ಣುತ್ತಾರೆ, ಕಲಾವಿದರ ಕೈಗೆ ದುಡ್ಡು ಯಾವಾಗ ಸೇರುತ್ತದೆ ಅನ್ನುವುದರಲ್ಲೇ ಹಬ್ಬ ಶರಣರದ್ದು ಹೌದೋ ಅಲ್ಲವೋ ತಿಳಿಯುತ್ತದೆ. ಹಾಗಾಗಿ ನಮ್ಮ ತಯಾರಿಯ ಬಹುಪಾಲು ಹೊತ್ತು ಈ ಏರ್ಪಾಡುಗಳಿಗೇ ಹೋಗುತ್ತದೆ.

ಸಂಕ್ರಾಂತಿ ಕಳೆದ ವಾರವೇ ಸರಿಯಾದ ಕಾಲ. ಅದಕ್ಕೂ ಮೊದಲು ಹಳ್ಳಿಯವರು ಮೆಕ್ಕೆಜೋಳದ ಒಕ್ಕಲಿನಲ್ಲಿರುತ್ತಾರೆ, ಆಮೇಲೆ ಮಕ್ಕಳ ಪರೀಕ್ಷೆ ಹತ್ತಿರ ಬರುತ್ತದೆ. ಮಂಡಕ್ಕಿ ಭಟ್ಟಿಯವರೂ ಪೌರಕಾರ್ಮಿಕರೂ ನಸುಕಿಗೇ ಏಳುವವರು. ಅವರಿಗಾಗಿ ಸಂಜೆ 6ಕ್ಕೆ ಶುರು ಮಾಡಿ 9.30ಕ್ಕೆ ಮುಗಿಸುತ್ತೇವೆ. ರಾತ್ರಿ 10ರ ಮೇಲೆ ಧ್ವನಿವರ್ಧಕ ಬೇಡವೆಂದು 2000ದ ಶಬ್ದ ಮಾಲಿನ್ಯ ನಿಯಮವೂ ಹೇಳುತ್ತದೆ. ಅದೇ ನಿಯಮದಲ್ಲಿ ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯದ ಮಾತಿದೆ, ಮೈದಾನ ಗೊತ್ತು ಮಾಡುವಾಗಲೇ ಅಳೆದುಬಿಡಿ. ಪೊಲೀಸ್ ಠಾಣೆ, ಪಾಲಿಕೆ, ಕರೆಂಟು ಕೊಡುವ ಬೆಸ್ಕಾಂ ಮೂರಕ್ಕೂ ಅರ್ಜಿ ಮೂರು ವಾರ ಮೊದಲು ಹೋಗಲಿ.

ವೇದಿಕೆ 30 ಅಡಿ ಅಗಲ, 24 ಅಡಿ ಆಳ, ಎರಡೂವರೆ ಅಡಿ ಎತ್ತರ. ಬಿಡಿಸಿ ಹೇಳದಿದ್ದರೆ ಶಾಮಿಯಾನದವರು 4 ಅಡಿ ಎತ್ತಿಬಿಡುತ್ತಾರೆ. ಜಮಖಾನದ ಮೇಲೆ ಕೂತವರಿಗೆ ಆಗ ಪದದ ಮೇಳದವರ ಹೆಜ್ಜೆ ಕಾಣುವುದೇ ಇಲ್ಲ. ಗಾಲಿಕುರ್ಚಿಯವರು ಹತ್ತಲು ಇಳಿಜಾರು ಹಾದಿ ಬೇಕೇ ಬೇಕು: ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ, ಅಂದರೆ ನಮಗೆ 30 ಅಡಿ. ಜಾಗ ಸಾಲದಿದ್ದರೆ ನಡುವೆ 5 ಅಡಿ ಸಮತಟ್ಟು ಮಾಡಿ ತಿರುಗಿಸಿಕೊಳ್ಳಬಹುದು. ಗಣ್ಯರಿಗೆ ಸೋಫಾ ಇಲ್ಲ. ಕುರ್ಚಿಗಳು ಹಿಂದೆ ಮತ್ತು ಎರಡು ಬದಿಗೆ ಮಾತ್ರ, ವಯಸ್ಸಾದವರಿಗೆ, ಬಸುರಿಯರಿಗೆ, ಮಂಡಿ ನೋವಿನವರಿಗೆ. ಒಬ್ಬರಿಗೆ 5 ಚದರಡಿಯಂತೆ 600 ಜನಕ್ಕೆ 3,000 ಚದರಡಿ, ನಡುವೆ 4 ಅಡಿ ಹಾದಿ ಬೇರೆ.

ಧ್ವನಿಯ ವಿಷಯದಲ್ಲಿ ನಾವು ಹಟ ಹಿಡಿಯುತ್ತೇವೆ. ತತ್ವಪದಕ್ಕೆ ಎಕೋ ಪೂರ್ತಿ ಬಂದ್. ಎಕೋ ಏರಿದರೆ ಒಂದು ಮಾತಿನ ಬಾಲ ಮುಂದಿನ ಮಾತಿನ ಮೇಲೆ ಬೀಳುತ್ತದೆ, ಪದದ ಅರ್ಥವೇ ಕೈಬಿಡುತ್ತದೆ. ಹಾಡುವವರ ಬಾಯಿಂದ ಒಂದು ಗೇಣು ದೂರ ಒಂದು ಮೈಕು, ಏಕತಾರಿಯ ಬುರುಡೆಯ ಎತ್ತರಕ್ಕೆ ಇನ್ನೊಂದು, ಅಷ್ಟೇ. ಹಲಗೆ, ತಮಟೆಗೆ ಮೈಕು ಬೇಡ. ಸ್ಪೀಕರ್ ಪೆಟ್ಟಿಗೆಗಳು ಮೈಕಿನ ಸಾಲಿಗಿಂತ ಮುಂದಿರಬೇಕು, ಹಿಂದೆ ಸರಿದರೆ ಕೀರಲು ಶುರು. ಲೈಟಿನ ಬೆಳಕು ಏರಿಳಿಸುವ ಡಿಮ್ಮರ್ ಮತ್ತು ಧ್ವನಿಯ ಮಿಕ್ಸರ್ ಕರೆಂಟಿನ ಒಂದೇ ಫೇಸಿನಲ್ಲಿದ್ದರೆ ಗುಂಯ್ ಅನ್ನುವ ಸದ್ದು ಬಿಡದು, ಬೇರೆ ಬೇರೆ ಫೇಸ್ ಕೊಡಿಸಿ. 54 ವ್ಯಾಟಿನ 12 ಎಲ್‌ಇಡಿ ಪಾರ್ ದೀಪ, 1,000 ವ್ಯಾಟಿನ 4 ಹ್ಯಾಲೋಜನ್, ಧ್ವನಿಗೆ 2,500 ವ್ಯಾಟ್ ಸೇರಿದರೆ 7 ಕಿಲೋವ್ಯಾಟ್ ದಾಟುತ್ತದೆ. 15 ಕೆವಿಎ ಜನರೇಟರ್ ಧಾರಾಳ ಸಾಕು. ಅದನ್ನು ವೇದಿಕೆಯ ಹಿಂದೆ 100 ಅಡಿ ದೂರ, ಹೊಗೆ ಜನರ ಕಡೆ ಬಾರದಂತೆ ನಿಲ್ಲಿಸಿ.

ನಾಟಕ 75 ನಿಮಿಷ ಮೀರಬಾರದು, ಯಾಕೆಂದರೆ ಅದರ ನಂತರದ 45 ನಿಮಿಷದ ಗೋಷ್ಠಿಯೇ ಹಬ್ಬದ ಜೀವ. ಸಭೆಗೆ ಮೈಕು ಕೊಟ್ಟರೆ ಮಾತಿನ ರೂಢಿ ಇದ್ದವರು ಅದನ್ನು ಕೆಳಗಿಡುವುದಿಲ್ಲ, ಭಟ್ಟಿಯ ಹೆಣ್ಣುಮಗಳು ಬಾಯಿ ತೆರೆಯುವುದಿಲ್ಲ. ಅದಕ್ಕೇ ಜನರನ್ನು 25ರ ಸುತ್ತುಗಳಾಗಿ ಕೂರಿಸುತ್ತೇವೆ. ಅಷ್ಟು ಜನಕ್ಕೆ ಬರೀ ಗಂಟಲು ಸಾಕು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮಾದಾರ ಚನ್ನಯ್ಯ ಕಾಯಕದ ಹೆಸರಿನಿಂದಲೇ ಗುರುತಾದವರು. ನಮ್ಮ ಸುತ್ತಿನಲ್ಲೂ ಹೆಸರಿನ ಜೊತೆ ಕಾಯಕ ಮಾತ್ರ, ಪದವಿ, ಬಿರುದು ಇಲ್ಲ. ವಿಷಯ ಯಾರ ಬದುಕಿನದ್ದೋ ಅವರು ಮೊದಲ ಹತ್ತು ನಿಮಿಷ ಮಾತಾಡುತ್ತಾರೆ: ಭಟ್ಟಿಯ ಹೊಗೆ, ಪೌರಕಾರ್ಮಿಕರ ಗುತ್ತಿಗೆ ಕೂಲಿ, ಚಿತ್ರದುರ್ಗದ ಕಡೆಯ ಗೊಲ್ಲರಹಟ್ಟಿಗಳಲ್ಲಿ (ಕಾಡುಗೊಲ್ಲರ ಕೇರಿಗಳಲ್ಲಿ) ಮುಟ್ಟಾದವರನ್ನು ಹೊರಗಿಡುವುದು. ಈ ಕೊನೆಯದನ್ನು ಹಟ್ಟಿಯ ಹೆಂಗಸರೇ ಒಪ್ಪಿ ಬಂದರೆ ಮಾತ್ರ ಎತ್ತಿಕೊಳ್ಳಬೇಕು, ಅವರ ಬೆನ್ನ ಹಿಂದೆ ಅವರ ವಿಷಯ ಆಡುವುದು ಅನ್ಯಾಯ. "ನಾಟಕ ಹೇಗಿತ್ತು?" ಎಂದು ಕೇಳಿದರೆ ಬರೀ ಹೊಗಳಿಕೆ ಬರುತ್ತದೆ. "ಇದು ನಮ್ಮ ಓಣಿಯಲ್ಲಿ ಎಲ್ಲಿ ನಡೀತದೆ? ಅದರಲ್ಲಿ ನನ್ನ ಪಾಲೆಷ್ಟು? ನಾಳೆ ಯಾರನ್ನ ಹೋಗಿ ಕೇಳಬೇಕು?" ಈ ಮೂರು ಸಾಕು. ಮೂರನೆಯದಕ್ಕೆ ಬಂದ ಉತ್ತರವನ್ನು ಒಬ್ಬರು ಬರೆದುಕೊಂಡು, ಹೋಗುವವರ ಹೆಸರು, ತಾರೀಕು ಅಲ್ಲೇ ಗೊತ್ತು ಮಾಡುತ್ತಾರೆ.

ಹಾರ, ಶಾಲು, ಹಣ್ಣಿನ ಬುಟ್ಟಿ ಇಲ್ಲ. ಆ ದುಡ್ಡು ಸಂಭಾವನೆಗೆ ಸೇರುತ್ತದೆ. ಪಟ್ಟಣದ ಗಾಯಕರಿಗೂ ಹಳ್ಳಿಯ ಮೇಳದವರಿಗೂ ತಲೆಗೆ ಒಂದೇ ದರ, ಬಸ್ ಚಾರ್ಜ್ ಬೇರೆ, ಹಾಡಿದ ರಾತ್ರಿಯೇ ಕೈಗೆ. ಖಾತೆಗೆ ಹಾಕುವುದಾದರೆ ಪಾಸ್‌ಬುಕ್ ಮೊದಲೇ ನೋಡಿಕೊಳ್ಳಿ: ಹಿರಿಯ ಕಲಾವಿದರ ಖಾತೆ ಬಹಳ ಕಾಲ ವ್ಯವಹಾರವಿಲ್ಲದೆ ನಿಂತುಹೋಗಿರುತ್ತದೆ, ಇಲ್ಲವೇ ಹೆಸರಿನ ಅಕ್ಷರ ತಾಳೆಯಾಗುವುದಿಲ್ಲ.

ದಾಸೋಹಕ್ಕೆ 600 ಜನಕ್ಕೆ ಅಕ್ಕಿ 60 ಕೆಜಿ, ತೊಗರಿಬೇಳೆ 15 ಕೆಜಿ, ತಲೆಗೆ ಎರಡರಂತೆ ಖಡಕ್ ರೊಟ್ಟಿ, ಹುಗ್ಗಿಗೆ ಗೋಧಿ 30 ಕೆಜಿ, ಬೆಲ್ಲ 30 ಕೆಜಿ. ಗೋಧಿ ಪೂರ್ತಿ ಮೆತ್ತಗಾದ ಮೇಲೆಯೇ ಬೆಲ್ಲ ಹಾಕಬೇಕು, ಮೊದಲೇ ಹಾಕಿದರೆ ಕಾಳು ಬೇಯದೆ ಗಟ್ಟಿಯಾಗೇ ಉಳಿಯುತ್ತದೆ. ಅಡುಗೆಗೆ ಎಲ್ಲ ಓಣಿಯವರ ಕೈ ಬೇಕು, ಇದರಲ್ಲಿ ರಾಜಿ ಇಲ್ಲ. ಮೊದಲ ಪಂಕ್ತಿಯಲ್ಲಿ ಕಸ ಗುಡಿಸುವವರು, ಶಾಮಿಯಾನ ಕಟ್ಟಿದವರು, ಕಲಾವಿದರು. ಅತಿಥಿಗಳಿಗೆ ಒಳಗಿನ ಕೋಣೆಯಲ್ಲಿ ಬೇರೆ ಊಟ ಇಟ್ಟರೆ ಅಲ್ಲಿಗೆ ಪಂಕ್ತಿಭೇದ ಬಂತು. ಗಂಡ ಮಾರಯ್ಯ ಹೆಚ್ಚಿಗೆ ತಂದ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮ ಹಿಂದಕ್ಕೆ ಕಳಿಸಿದಳು. ನಾವೂ ಬೇಕಾದಷ್ಟು ಬಂದ ಕೂಡಲೇ ದೇಣಿಗೆ ನಿಲ್ಲಿಸುತ್ತೇವೆ. ಒಡೆಯದೆ ಉಳಿದ ಅಕ್ಕಿ ಚೀಲ ಮಾರನೆಯ ದಿನವೇ ಕೊಟ್ಟವರ ಮನೆಗೆ ಹೋಗುತ್ತದೆ.