ಲಡಾಖ್‌ಗೆ ಹೊರಡೋ ಮುಂಚೆ: ನಿಮ್ದು ಕಾರ್ಬೊರೇಟರ್ ಗಾಡಿನಾ, ಎಫ್ಐನಾ?

ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್‌ಗೆ ಕೊಡೋ ಭಾಗ) ಇರೋ ಬೈಕ್ ಲಡಾಖ್‌ನ ಎತ್ತರದ ಘಾಟಿ ಖರ್ದುಂಗ್ ಲಾ ಹತ್ತುತ್ತಾ ಅಂತ ಕೇಳೋರು ತುಂಬಾ ಜನ. ಹತ್ತುತ್ತೆ ಮಾರಾಯ್ರೇ, ಎಫ್ಐ (ಫ್ಯೂಯಲ್ ಇಂಜೆಕ್ಷನ್, ಸೆನ್ಸರ್ ನೋಡಿ ಪೆಟ್ರೋಲ್ ಚಿಮ್ಮಿಸೋ ವ್ಯವಸ್ಥೆ) ಬರೋಕೆ ಮುಂಚೆ ಹೋದೋರೆಲ್ಲ ಏನು ತಳ್ಕೊಂಡು ಹೋದ್ರಾ?

ಮೊದ್ಲು ನಿಮ್ಮ ಗಾಡಿ ಯಾವ್ದು ಅಂತ ನೋಡ್ಕೊಳಿ. ಟ್ಯಾಂಕ್ ಕೆಳಗೆ ಪೆಟ್ರೋಲ್ ಆನ್-ಆಫ್ ಮಾಡೋ ನಲ್ಲಿ, ಜೊತೆಗೆ ಚೋಕ್, ಎರಡೂ ಇದ್ರೆ ಕಾರ್ಬೊರೇಟರ್. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕ್ 2016ರಲ್ಲಿ ಬಂದಾಗ ಕಾರ್ಬೊರೇಟರ್‌ದೇ, 2017ರ ಬಿಎಸ್4 (ಹೊಗೆ ಮಿತಿಯ ನಿಯಮ) ಮಾಡೆಲ್‌ನಲ್ಲಿ ಎಫ್ಐ ಆಯ್ತು, ಹಾಗಾಗಿ ಸೆಕೆಂಡ್‌ಹ್ಯಾಂಡ್ ತಗೊಂಡೋರು ಹೆಸರು ನೋಡಿ ಮೋಸ ಹೋಗ್ಬೇಡಿ.

ಮೇಲೆ ಹೋದಂಗೆ ಗಾಳಿ ತೆಳ್ಳಗಾಗುತ್ತೆ, 5,300 ಮೀಟರ್ ಹತ್ರ ಒತ್ತಡ ಸಮುದ್ರ ಮಟ್ಟದ ಹೆಚ್ಚುಕಮ್ಮಿ ಅರ್ಧ. ಎಫ್ಐನಲ್ಲಿ ಸೆನ್ಸರ್ ಅದನ್ನ ಅಳೆದು ಪೆಟ್ರೋಲ್ ಕಮ್ಮಿ ಮಾಡುತ್ತೆ, ಪವರ್ ಇಳಿಯೋದು ಮಾತ್ರ ಅದಕ್ಕೂ ತಪ್ಪಿದ್ದಲ್ಲ. ಕಾರ್ಬೊರೇಟರ್‌ಗೆ ಅಷ್ಟು ಲೆಕ್ಕ ಬರಲ್ಲ, ಗಾಳಿ ಇಲ್ದಿದ್ರೂ ಪೆಟ್ರೋಲ್ ಸುರಿತಾನೇ ಇರುತ್ತೆ. ಮನಾಲಿ-ಲೇಹ್ ದಾರಿಯ ಬಾರಾಲಾಚಾ ಲಾ ಘಾಟಿ ದಾಟಿ ನಮ್ಮ ಹಳೇ 350 ಸಿಸಿ ಬೈಕ್‌ನ ಸ್ಪಾರ್ಕ್ ಪ್ಲಗ್ ಬಿಚ್ಚಿದ್ರೆ ಹಂಚಿನ ತಳದ ಮಸಿ ಥರ ಕಪ್ಪಗೆ, ಒಣಪುಡಿ, ಬೆರಳಿಗೆಲ್ಲ ಅಂಟಿತ್ತು. ವೈರ್ ಬ್ರಷ್‌ನಲ್ಲಿ ತಿಕ್ಕಿ ಹಾಕಿದ್ಮೇಲೆ ಮತ್ತೆ ಎರಡನೇ ಗೇರಲ್ಲಿ ಗೊಣಗ್ತಾ ಹತ್ತಿತು.

ಅದಕ್ಕೇ ಕಾರ್ಬೊರೇಟರ್‌ನೋರು ಪ್ಲಗ್ ಸ್ಪ್ಯಾನರ್, ಎರಡು ಹೊಸ ಪ್ಲಗ್ ಇಟ್ಕೊಳಿ. ಊರಲ್ಲೇ ಕಾರ್ಬೊರೇಟರ್‌ನ ಮಿಕ್ಸ್ಚರ್ ಸ್ಕ್ರೂ (ಗಾಳಿ-ಪೆಟ್ರೋಲ್ ಪ್ರಮಾಣ ಹೊಂದಿಸೋದು) ಎಲ್ಲಿದೆ ನೋಡಿ, ಪೂರ್ತಿ ಒಳಗೆ ಹೋಗೋಕೆ ಎಷ್ಟು ಸುತ್ತು ಬೇಕು ಅಂತ ಎಣಿಸಿ ಬರ್ಕೊಂಡು ವಾಪಸ್ ಅಷ್ಟೇ ಸುತ್ತು ಬಿಚ್ಚಿಡಿ. ಮೇಲೆ ಹೋದಾಗ ಸ್ಕ್ರೂ ಇಂಜಿನ್ ಕಡೆ ಇದ್ರೆ ಕಾಲು ಸುತ್ತು ಒಳಕ್ಕೆ, ಏರ್ ಫಿಲ್ಟರ್ ಕಡೆ ಇದ್ರೆ ಕಾಲು ಸುತ್ತು ಹೊರಕ್ಕೆ, ಉಲ್ಟಾ ಮಾಡಿದ್ರೆ ಇನ್ನೂ ಹಾಳು. ಐಡಲಿಂಗ್ (ಥ್ರಾಟಲ್ ಕೊಡದೆ ಇಂಜಿನ್ ಓಡೋ ವೇಗ) ಸ್ವಲ್ಪ ಏರಿಸಿ. ಈ ಸ್ಕ್ರೂ ಐಡಲಿಂಗ್‌ಗೆ, ಕಮ್ಮಿ ಥ್ರಾಟಲ್‌ಗೆ ಮಾತ್ರ ಸಹಾಯ, ಫುಲ್ ಥ್ರಾಟಲ್‌ನಲ್ಲಿ ಮೇನ್ ಜೆಟ್‌ದೇ (ಪೆಟ್ರೋಲ್ ಹಾಯೋ ಸಣ್ಣ ತೂತಿನ ಬಿಡಿಭಾಗ) ಆಟ. ಜೆಟ್ ಬದಲಾಯ್ಸೋ ತಲೆನೋವು ಬೇಡ ಅಂತೀನಿ ನಾನು, ನಾಲ್ಕು ದಿನದ ಘಾಟಿಗೆ ಯಾಕೆ. ಏರ್ ಫಿಲ್ಟರ್ ತೆಗೆದುಬಿಡಿ ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಆ ಧೂಳೆಲ್ಲ ನೇರ ಇಂಜಿನ್ ಒಳಗೆ ಹೋಗುತ್ತೆ.

ಎಫ್ಐನೋರಿಗೆ ಈ ರಗಳೆ ಇಲ್ಲ, ಆದ್ರೆ ಅದು ಕೈ ಕೊಟ್ರೆ ಒಂದೇ ಸಲ ಕೊಡುತ್ತೆ. ಕೀ ಆನ್ ಮಾಡಿದ ತಕ್ಷಣ ಟ್ಯಾಂಕ್ ಕಡೆಯಿಂದ ಎರಡು ಸೆಕೆಂಡ್ ಝುಂಯ್ ಅಂತ ಪಂಪ್ ಸದ್ದು ಬರ್ಬೇಕು, ನಿಂತ ಮೇಲೆ ಸ್ಟಾರ್ಟ್ ಒತ್ತಿ. ಸದ್ದೇ ಇಲ್ಲ ಅಂದ್ರೆ ಮೊದ್ಲು ಹ್ಯಾಂಡಲ್ ಮೇಲಿರೋ ಕಿಲ್ ಸ್ವಿಚ್ (ಇಂಜಿನ್ ಆಫ್ ಮಾಡೋ ಸ್ವಿಚ್) ನೋಡಿ (ನಗ್ಬೇಡಿ, ಅರ್ಧ ಗಂಟೆ ಫ್ಯೂಸ್ ಹುಡುಕಿ ಆಮೇಲೆ ಅದನ್ನ ನೋಡಿದೋನು ನಾನೇ), ಆಮೇಲೆ ಫ್ಯೂಸ್. ಬ್ಯಾಟರಿ ಪೂರ್ತಿ ಸತ್ರೆ ತಳ್ಳಿದ್ರೂ ಹತ್ತಲ್ಲ, ಯಾಕಂದ್ರೆ ಪಂಪ್‌ಗೇ ಕರೆಂಟ್ ಇರಲ್ಲ. ಬ್ಯಾಟರಿ ಹಳೇದಾಗಿದ್ರೆ ಇಲ್ಲೇ ಹೊಸದು ಹಾಕ್ಸಿ.

ಟ್ಯಾಂಕ್ ಒಣಗಿಸ್ಬೇಡಿ, ಒಳಗಿರೋ ಪಂಪ್ ತಣ್ಣಗಿರೋದೇ ಪೆಟ್ರೋಲ್‌ನಿಂದ. ಮನಾಲಿ ಕಡೆಯಿಂದ ಹೋಗೋರಿಗೆ ತಾಂಡಿಯ ಪೆಟ್ರೋಲ್ ಬಂಕ್‌ನಿಂದ ಲೇಹ್ ಸುಮಾರು 365 ಕಿಲೋಮೀಟರ್, ಅಲ್ಲೇ ಫುಲ್ ಮಾಡಿಸಿ ಕ್ಯಾನ್‌ನಲ್ಲೂ ತಗೊಳಿ. ಕ್ಯಾನ್‌ನಿಂದ ಸುರಿಯೋವಾಗ ಜಾಲರಿ ಇರೋ ಫನಲ್ ಇಡಿ. ಕಸ ಹೋದ್ರೆ ಕಾರ್ಬೊರೇಟರ್‌ನ ರೋಡ್ ಪಕ್ಕ ಕೂತು ಬಿಚ್ಚಿ ಊದ್ಬಹುದು, ಇಂಜೆಕ್ಟರ್‌ನ ಹಾಗೆಲ್ಲ ಊದಿ ಸರಿಮಾಡೋಕೆ ಆಗಲ್ಲ.

ಕಾರ್ಬೊರೇಟರ್‌ನೋರು ಕೆಳಗೆ ಇಳಿದ್ಮೇಲೆ ಸ್ಕ್ರೂ ಬರ್ಕೊಂಡ ಲೆಕ್ಕಕ್ಕೇ ವಾಪಸ್ ತರ್ಬೇಕು, ಇಲ್ದಿದ್ರೆ ಪೆಟ್ರೋಲ್ ಸಾಲ್ದೆ ಸಿಗ್ನಲ್‌ನಲ್ಲಿ ನಿಂತಾಗೆಲ್ಲ ಆಫ್ ಆಗ್ತಿರುತ್ತೆ.