ತಗಡಿನ ಮನೆಗೆ ಬಿಳಿ ಬಣ್ಣ: ಹಪ್ಪಳದಂತೆ ಏಳದ ಹಾಗೆ ಹಚ್ಚುವುದು ಹೇಗೆ?

ಹೋದ ಬೇಸಿಗೆಯಲ್ಲಿ ನಮ್ಮ ಓಣಿಯ ಮೂರು ಮನೆಯವರು ತಗಡಿನ ಚಾವಣಿಗೆ ಬಿಳಿ ಬಣ್ಣ ಹೊಡೆಸಿದರು. ದೀಪಾವಳಿ ಹೊತ್ತಿಗೆ ಎರಡು ಮನೆಗಳ ಬಣ್ಣ ಅಂಗಳಕ್ಕೆ ಬಿದ್ದಿತ್ತು. ಒಂದು ಚೂರು ಎತ್ತಿ ನೋಡಿದೆ. ಹಪ್ಪಳದಂತೆ ತೆಳ್ಳಗೆ, ಅಂಚು ಸುರುಳಿ ಸುತ್ತಿಕೊಂಡಿತ್ತು. ಅಡಿಭಾಗ ಮುಟ್ಟಿದರೆ ಗಾಜಿನಷ್ಟು ನುಣುಪು. ಬಣ್ಣ ತಗಡನ್ನು ಹಿಡಿದೇ ಇರಲಿಲ್ಲ, ಸುಮ್ನೆ ಮೇಲೆ ಕೂತಿತ್ತು. ದುಡ್ಡು ಹೋಯಿತು. ಜೊತೆಗೆ ‘ಬಿಳಿ ಬಣ್ಣದಿಂದ ಏನೂ ಆಗಲ್ಲ ಬಿಡ್ರಿ’ ಎಂಬ ಮಾತು ಓಣಿಯಲ್ಲಿ ಉಳಿದುಕೊಂಡಿತು. ಆ ಮಾತು ತಪ್ಪು. ಬಣ್ಣ ಕೆಲಸ ಮಾಡುತ್ತದೆ, ಹಚ್ಚಿದ ರೀತಿ ಸರಿಯಿರಲಿಲ್ಲ ಅಷ್ಟೆ.

ರಾಯಚೂರು, ಕಲಬುರಗಿ ಕಡೆ ಏಪ್ರಿಲ್–ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲು ಮಾಮೂಲಿ. ಈ ಭಾಗದ ಸರ್ಕಾರಿ ಕಚೇರಿಗಳೇ ಆ ಎರಡು ತಿಂಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಆಮೇಲೆ ಎಲ್ಲರೂ ಮನೆ ಸೇರಿ ನೆರಳು ಹಿಡಿಯಬೇಕು. ಮೇಲ್ಮುದ್ದೆ ಮನೆ ಇದ್ದವರಿಗೆ ನೆರಳು ಸಿಗುತ್ತದೆ, ಮಣ್ಣಿನ ಮಾಳಿಗೆ ಬಿಸಿಯನ್ನು ಸಂಜೆವರೆಗೂ ತಡೆಯುತ್ತದೆ. ತಗಡಿನ ಮನೆಯವರಿಗೆ ಎಲ್ಲಿದೆ ನೆರಳು? ಅರ್ಧ ಮಿಲಿಮೀಟರ್ ದಪ್ಪದ ಶೀಟು ನಡುಮಧ್ಯಾಹ್ನ 60 ಡಿಗ್ರಿ ದಾಟಿ ಕಾದಿರುತ್ತದೆ. ಅದರ ಕೆಳಗೆ ಕೂಸು ಮಲಗಿರುತ್ತದೆ.

ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಮಧ್ಯಾಹ್ನ ಸ್ಟೂಲ್ ಹತ್ತಿ, ಅಂಗೈಯನ್ನು ಶೀಟಿನಿಂದ ಒಂದು ಗೇಣು ಕೆಳಗೆ ಹಿಡಿಯಿರಿ. ಮುಟ್ಟದೇ ಇದ್ದರೂ ಕೈ ಸುಡುತ್ತದೆ, ಕಾದ ರೊಟ್ಟಿ ಹಂಚನ್ನು ತಲೆಯ ಮೇಲೆ ಬೋರಲು ಹಾಕಿದ ಹಾಗೆ. ಈಗ ಕೈಗೂ ಶೀಟಿಗೂ ನಡುವೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಹಿಡಿಯಿರಿ. ಆ ಕ್ಷಣಕ್ಕೇ ಸುಡುವುದು ನಿಲ್ಲುತ್ತದೆ. ತಗಡಿನ ಮನೆಯಲ್ಲಿ ನಮ್ಮನ್ನು ಬೇಯಿಸುವುದು ಹೆಚ್ಚಾಗಿ ಈ ಝಳ. ಆದ್ದರಿಂದ ಕೆಲಸ ಎರಡು: ಮೇಲೆ ಶೀಟು ಕಾಯದಂತೆ ನೋಡಿಕೊಳ್ಳುವುದು, ಕೆಳಗೆ ಝಳ ಇಳಿಯದಂತೆ ತಡೆಯುವುದು. ‘ದಪ್ಪ ಶೀಟು ಹಾಕ್ರಿ, ತಂಪಿರ್ತದೆ’ ಎನ್ನುವ ಅಂಗಡಿಯವರ ಮಾತು ನಂಬಬೇಡಿ. ದಪ್ಪ ಜಾಸ್ತಿಯಾದರೆ ಶೀಟು ಬಾಳಿಕೆ ಬರುತ್ತದೆ, ತಂಪಾಗುವುದಿಲ್ಲ. ಬಣ್ಣ ಮುಖ್ಯ. ತುಕ್ಕು ಹಿಡಿದ ಶೀಟು, ಕಡುಹಸಿರು ಅಥವಾ ಇಟ್ಟಿಗೆ ಬಣ್ಣದ ಶೀಟು ಬಿಸಿಲಿನ ಹೆಚ್ಚಿನ ಪಾಲನ್ನು ಹೀರಿಕೊಳ್ಳುತ್ತವೆ. ಶುದ್ಧ ಬಿಳಿ ಪದರ ನೂರಕ್ಕೆ ಸುಮಾರು 80 ಪಾಲನ್ನು ಆಕಾಶಕ್ಕೇ ತಿರುಗಿಸುತ್ತದೆ.

ಮೊದಲು, ಮೇಲೆ ಹತ್ತುವುದು. ಸ್ಕ್ರೂಗಳು ಸಾಲಾಗಿ ಇರುವ ಕಡೆ ಮಾತ್ರ ಕಾಲಿಡಿ, ಅದರ ಕೆಳಗೆ ಕಬ್ಬಿಣದ ಪಟ್ಟಿ ಇರುತ್ತದೆ. ಹಲಗೆ ಹಾಸಿಕೊಂಡರೆ ಇನ್ನೂ ಒಳ್ಳೆಯದು. ನಿಮ್ಮದು ಹಳೆಯ ಸಿಮೆಂಟ್ ಶೀಟಾದರೆ ಹತ್ತಲೇಬೇಡಿ, ಉಜ್ಜಲೂಬೇಡಿ. ಅದು ದಿಢೀರನೆ ಮುರಿಯುತ್ತದೆ. ಅದರೊಳಗಿನ ಕಲ್ನಾರಿನ ಧೂಳು ಶ್ವಾಸಕೋಶಕ್ಕೆ ಕೇಡು.

ಎರಡನೆಯದು, ತೊಳೆಯುವುದು. ಎಲ್ಲರೂ ಎಡವುವುದು ಇಲ್ಲೇ. ಜಿಂಕ್ ಶೀಟಿನ (ಕಬ್ಬಿಣಕ್ಕೆ ಜಿಂಕ್ ಲೇಪಿಸಿದ ಮಾಮೂಲಿ ತಗಡು) ಮೇಲೆ ಕಾರ್ಖಾನೆಯಿಂದಲೇ ಒಂದು ಎಣ್ಣೆ ಪಸೆ ಬಂದಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಪೊರಕೆಯಲ್ಲಿ ಧೂಳು ಹೊಡೆದರೆ ಅದು ಹೋಗುವುದಿಲ್ಲ. ಸೋಪಿನ ಪುಡಿ ಕದಡಿದ ನೀರಿನಲ್ಲಿ, ಗಟ್ಟಿ ನಾರಿನ ಬ್ರಷ್ ಹಿಡಿದು, ಏರು ತಗ್ಗು ಎರಡನ್ನೂ ತಿಕ್ಕಬೇಕು. ತಗ್ಗಿನಲ್ಲಿ ಬ್ರಷ್ ಓಡಿಸಲು ಬೇಸರ, ಅದಕ್ಕೇ ಬಣ್ಣ ಮೊದಲು ಏಳುವುದು ತಗ್ಗಿನಲ್ಲೇ. ತಿಕ್ಕಿದ ಮೇಲೆ ಸೋಪು ಪೂರ್ತಿ ಹೋಗುವ ತನಕ ನೀರು ಸುರಿಯಿರಿ.

ಈಗ ಒಂದು ಲೋಟ ನೀರು ಚೆಲ್ಲಿ, ಬಗ್ಗಿ ನೋಡಿ. ಕೆಸುವಿನ ಎಲೆಯ ಮೇಲಿನಂತೆ ನೀರು ಮುತ್ತು ಮುತ್ತಾಗಿ ನಿಂತರೆ ಎಣ್ಣೆ ಇನ್ನೂ ಇದೆ, ಮತ್ತೆ ತೊಳೆಯಬೇಕು. ನೀರು ತೆಳುವಾಗಿ ಹರಡಿಕೊಂಡರೆ ಶೀಟು ಸಿದ್ಧ. ನಾನು ಈ ಪರೀಕ್ಷೆಯನ್ನು ಪ್ರತಿ ಶೀಟಿಗೂ ಮಾಡುತ್ತೇನೆ, ಒಂದನ್ನೂ ಬಿಡುವುದಿಲ್ಲ. ಹೊಚ್ಚ ಹೊಸ ಶೀಟಾದರೆ ಒಂದು ಮಳೆಗಾಲ ಬಿಟ್ಟು ಹಚ್ಚಿ. ಹೊಳಪು ಸತ್ತು ಬೂದಿಯಾದ ತಗಡು ಬಣ್ಣವನ್ನು ಚೆನ್ನಾಗಿ ಹಿಡಿಯುತ್ತದೆ.

ಕೆಲವು ಪೇಂಟರ್‌ಗಳು ಬೇಗ ಮುಗಿಸಲು ಕಕ್ಕಸು ತೊಳೆಯುವ ಆ್ಯಸಿಡ್ ಸುರಿಯುತ್ತಾರೆ. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. ಅದು ಜಿಂಕ್ ಪದರವನ್ನೇ ತಿನ್ನುತ್ತದೆ. ಎರಡೇ ವರ್ಷದಲ್ಲಿ ತೂತು ಬೀಳಬಹುದು.

ಒಣಗಿದ ಮೇಲೆ ಇಡೀ ಶೀಟಿಗೆ ಎಮರಿ ಪೇಪರ್‌ನಿಂದ ಹಗುರವಾಗಿ ಗೀರು ಕೊಡಿ. ತುಕ್ಕು ಇದ್ದಲ್ಲಿ ಮಾತ್ರ ತಂತಿ ಬ್ರಷ್. ಧೂಳು ಒರೆಸಿ.

ಮೂರನೆಯದು, ಪ್ರೈಮರ್, ಅಂದರೆ ಬಣ್ಣಕ್ಕೆ ಮುನ್ನ ಹಚ್ಚುವ ಅಡಿಪದರ. ಅಂಗಡಿಯಲ್ಲಿ ‘ಕಬ್ಬಿಣಕ್ಕಲ್ವಾ, ರೆಡ್ ಆಕ್ಸೈಡ್ ಹೊಡೀರಿ’ ಎನ್ನುತ್ತಾರೆ. ಗೇಟು, ಗ್ರಿಲ್ಲಿಗೆ ಅದು ಸರಿ. ಜಿಂಕ್ ಶೀಟಿಗಲ್ಲ. ಎಣ್ಣೆ ಆಧಾರದ ಬಣ್ಣ ಯಾವುದೇ ಇರಲಿ, ಎನಾಮಲ್ ಕೂಡ, ಜಿಂಕ್ ಜೊತೆ ಸೇರಿ ನಡುವೆ ಸಾಬೂನಿನಂಥ ಪದರ ಕಟ್ಟುತ್ತದೆ. ಆ ಪದರದ ಮೇಲೆ ಬಣ್ಣ ಜಾರುತ್ತದೆ. ನಮ್ಮ ಓಣಿಯಲ್ಲಿ ಹಪ್ಪಳ ಎದ್ದಿದ್ದಕ್ಕೆ ಇದೂ ಒಂದು ಕಾರಣ. ಡಬ್ಬದ ಮೇಲೆ ‘ಗ್ಯಾಲ್ವನೈಸ್ಡ್ ಶೀಟಿಗೆ’ (ಅಂದರೆ ಜಿಂಕ್ ಶೀಟಿಗೆ) ಎಂದು ಬರೆದಿರುವ ಪ್ರೈಮರ್ ಕೇಳಿ ತನ್ನಿ. ಇಲ್ಲ ಎಂದರೆ ಬೇರೆ ಅಂಗಡಿಗೆ ಹೋಗಿ. ರೆಡ್ ಆಕ್ಸೈಡ್ ಹಚ್ಚುವುದಿದ್ದರೆ ಜಿಂಕ್ ಪೂರ್ತಿ ಹೋಗಿ ಕಬ್ಬಿಣ ಕಾಣುವ ತುಕ್ಕಿನ ಜಾಗಕ್ಕೆ ಮಾತ್ರ.

ಸುಣ್ಣ ಹೊಡೆದರಾಗದೇ ಎಂದು ತುಂಬಾ ಜನ ಕೇಳುತ್ತಾರೆ. ಸಿಮೆಂಟ್ ತಾರಸಿಗೆ ಸುಣ್ಣ ಅಗ್ಗದ, ಒಳ್ಳೆಯ ಉಪಾಯ. ತಗಡಿಗೆ ಬೇಡ. ಹಸಿ ಸುಣ್ಣದ ಖಾರ ಜಿಂಕನ್ನು ಕೊರೆಯುತ್ತದೆ, ಮೊದಲ ಮಳೆಗೇ ತೊಳೆದೂ ಹೋಗುತ್ತದೆ. ಗೋಡೆಯ ಡಿಸ್ಟೆಂಪರ್ ಕೂಡ ಬೇಡ.

ನಾಲ್ಕನೆಯದು, ಬಿಳಿ ಬಣ್ಣ. ನೀರು ಆಧಾರದ ಅಕ್ರಿಲಿಕ್, ಚಾವಣಿಗೆಂದೇ ಬರುವ ‘ಕೂಲ್ ರೂಫ್’ ಬಣ್ಣ. ಎರಡು ಕೋಟು. ಮೊದಲನೆಯದು ಬ್ರಷ್‌ನಲ್ಲಿ, ತಗ್ಗುಗಳಿಗೆ ಇಳಿಯುವಂತೆ. ಎರಡನೆಯದಕ್ಕೆ ರೋಲರ್ ನಡೆಯುತ್ತದೆ. ಕೆಲಸ ನಸುಕಿಗೆ ಶುರುವಾಗಲಿ. ಶೀಟಿನ ಮೇಲೆ ಅಂಗೈ ಊರಿ ಹತ್ತು ಎಣಿಸಲು ಆಗದಿದ್ದರೆ ಬ್ರಷ್ ಕೆಳಗಿಡಿ. ಕಾದ ತಗಡಿನ ಮೇಲೆ ಬಣ್ಣ ಹಿಡಿಯುವ ಮುನ್ನವೇ ಒಣಗಿಬಿಡುತ್ತದೆ. ಫೆಬ್ರವರಿಯಲ್ಲಿ ಈ ಕೆಲಸ ಸುಲಭ, ಯುಗಾದಿ ಕಳೆದರೆ ಕಷ್ಟ. ಸರಿಯಾಗಿ ಹಚ್ಚಿದರೆ ಕೋಣೆಯೊಳಗೆ 2ರಿಂದ 5 ಡಿಗ್ರಿ ಕಡಿಮೆಯಾಗುತ್ತದೆ. ಅಹಮದಾಬಾದ್‌ನಲ್ಲಿ ಬಡವರ ಮನೆಗಳಿಗೆ ಹೀಗೆ ಬಿಳಿ ಬಳಿಯುವ ಕೆಲಸ ನಡೆದಿದೆ. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ನೀತಿ ತಂದಿದೆ. ನಮ್ಮ ಬಿಸಿಲು ಅವರ ಬಿಸಿಲಿಗಿಂತ ಕಡಿಮೆಯೇನಲ್ಲ.

ಇನ್ನು ಕೆಳಗಿನ ಕೆಲಸ. ಶೀಟಿಗೂ ಸೀಲಿಂಗಿಗೂ ನಡುವೆ ಒಂದು ಗೇಣಾದರೂ ಜಾಗ ಇರಲಿ. ಆ ಜಾಗದ ಬಿಸಿಗಾಳಿ ಮೇಲಿನ ಅಂಚಿನಲ್ಲಿ ಹೊರಗೆ ಹೋಗಬೇಕು, ಸೂರಿನ ಕಡೆಯಿಂದ ಹೊಸ ಗಾಳಿ ಬರಬೇಕು. ಎರಡೂ ಬಾಯಿಗೆ ಹೆಗ್ಗಣ ನುಗ್ಗದಂತೆ ಜಾಲರಿ ಹಾಕಿ. ಅಂದ ಕಾಣಲಿ ಎಂದು ಸುತ್ತ ಮುಚ್ಚಿಬಿಟ್ಟರೆ ಅರ್ಧ ಪ್ರಯೋಜನ ಹೋಯಿತು. ಮಲೆನಾಡಿನಲ್ಲಿ ಮಳೆಗೆಂದು ತಾರಸಿಯ ಮೇಲೆ ಶೀಟು ಹಾಕುತ್ತಾರಲ್ಲ, ಆ ಮನೆಗಳ ಒಳಗೆ ಬೇಸಿಗೆಯಲ್ಲೂ ತಂಪಿರುತ್ತದೆ. ಶೀಟು ಅದೇ, ಆದರೆ ಅದರ ಕೆಳಗೆ ಗಾಳಿ ಆಡುತ್ತದೆ.

ಫಾಯಿಲ್ ಶೀಟ್ ಹಾಕುವುದಾದರೆ ತಗಡಿಗೆ ಅಂಟಿಸಬೇಡಿ. ಅಂಟಿದರೆ ಅದೂ ತಗಡಿನಷ್ಟೇ ಕಾಯುತ್ತದೆ. ಕನಿಷ್ಠ ಒಂದು ಇಂಚು ಬಿಟ್ಟು, ಹೊಳಪಿನ ಮುಖ ಕೆಳಗೆ ಮಾಡಿ ಕಟ್ಟಿ. ಮೇಲ್ಮುಖವಾಗಿದ್ದರೆ ಧೂಳು ಕೂತು ಹೊಳಪು ಸಾಯುತ್ತದೆ. ಕರೆಂಟಿನ ವೈರು ಫಾಯಿಲ್‌ಗೆ ತಾಗಲೇಬಾರದು, ಪೈಪಿನೊಳಗೆ ಎಳೆಸಿ.

ಥರ್ಮಾಕೋಲ್ ಸೀಲಿಂಗ್ ಮಾತ್ರ ಬೇಡವೇ ಬೇಡ. ಅಗ್ಗ, ಹಗುರ, ಒಂದು ದಿನದ ಕೆಲಸ, ನಿಜ. ಆದರೆ ಬೆಂಕಿ ತಗುಲಿದರೆ ಕರಗಿ ಉರಿಯುತ್ತಾ ಕೆಳಗಿದ್ದವರ ಮೇಲೆ ತೊಟ್ಟಿಕ್ಕುತ್ತದೆ, ಹೊಗೆ ಉಸಿರು ಕಟ್ಟಿಸುತ್ತದೆ. ಅಡುಗೆ, ಮಲಗುವುದು ಒಂದೇ ಕೋಣೆಯಲ್ಲಿ ಇರುವ ಮನೆಗಳಿಗೆ ಇದನ್ನು ಮಾರುವುದನ್ನು ನೋಡಿದರೆ ಸಂಕಟವಾಗುತ್ತದೆ. ಬಿದಿರಿನ ಚಾಪೆ, ಜೋಳದ ದಂಟೂ ಉರಿಯುವ ವಸ್ತುಗಳೇ, ಒಲೆಯ ಮೇಲ್ಭಾಗದಲ್ಲಿ ಬೇಡ. ಜಿಪ್ಸಂ ಅಥವಾ ಸಿಮೆಂಟ್ ಬೋರ್ಡಿಗೆ ಖರ್ಚು ಜಾಸ್ತಿ, ಆದರೂ ಅದನ್ನೇ ಹಾಕಿಸಿ.

ರಾತ್ರಿ ಕಿಟಕಿ ತೆರೆಯಿರಿ. ತಗಡು ಬೇಗ ಕಾದಷ್ಟೇ ಬೇಗ ಆರುತ್ತದೆ, ಸಿಮೆಂಟ್ ಸ್ಲ್ಯಾಬಿನಂತೆ ನಡುರಾತ್ರಿವರೆಗೆ ಬಿಸಿ ಉಗುಳುವುದಿಲ್ಲ.

ಪ್ರತಿ ವರ್ಷ ಶಿವರಾತ್ರಿ ಹೊತ್ತಿಗೆ ಮೆತ್ತನೆಯ ಪೊರಕೆ, ಸೋಪಿನ ನೀರು ಹಿಡಿದು ಚಾವಣಿ ತೊಳೆಯಿರಿ. ಕೆಂಧೂಳು ಕೂತ ಬಿಳಿ ಬಣ್ಣ ಬಿಸಿಲನ್ನು ಮತ್ತೆ ಹೀರತೊಡಗುತ್ತದೆ. ಹೇಗೂ ಮೇಲೆ ಹತ್ತಿರುತ್ತೀರಿ, ಸ್ಕ್ರೂಗಳ ಅಡಿಯ ರಬ್ಬರ್ ವಾಷರ್‌ಗಳನ್ನೂ ನೋಡಿ. ಬಿರುಕು ಬಿಟ್ಟಿದ್ದನ್ನು ಆಗಲೇ ಬದಲಿಸಿಬಿಡಿ.